ಎಣ್ಣೆಯ ಪತ್ತಾಯ

ತಲಪಾಡಿ ಗಡಿಯ ಆಚೆ ಬದಿಯ ಪೆಟ್ರೋಲ್ ಪಂಪಿನಲ್ಲಿ ಯಾವ ಹೊತ್ತಿಗೆ ಹೋಗಿ ನೋಡಿದರೂ ಕೇರಳ ನಂಬರಿನ ಗಾಡಿಗಳು ನಿಂತಿರುತ್ತವೆ. ಒಂದೇ ರಸ್ತೆ, ಒಂದೇ ಎಣ್ಣೆ. ಆದರೆ ಗೆರೆಯ ಈಚೆ ಒಂದು ಕ್ರಯ, ಆಚೆ ಅದಕ್ಕಿಂತ ಕಡಿಮೆ. ಪೆಟ್ರೋಲು ಡೀಸೆಲಿಗೆ ಜಿ.ಎಸ್.ಟಿ. ಇಲ್ಲ, ಆಯಾ ರಾಜ್ಯದ ತೆರಿಗೆ. 2023ರ ಏಪ್ರಿಲಿನಿಂದ ನಮ್ಮಲ್ಲಿ ಲೀಟರಿಗೆ ಎರಡು ರೂಪಾಯಿ ಸೆಸ್ಸು ಬೇರೆ ಸೇರಿತು. 1956ರಲ್ಲಿ ಗೆರೆ ಎಳೆದವರು ಭಾಷೆಯ ವಿಷಯ ಮಾತ್ರ ಆಲೋಚನೆ ಮಾಡಿದ್ದಿರಬೇಕು. ಆ ಗೆರೆ ಈಗ ಟಿಲ್ಲರಿನ ಡೀಸೆಲಿನವರೆಗೂ ಬಂದಿದೆ.

ವಾಚನಾಲಯದ ಮಾಸ್ಟ್ರು ನನ್ನಲ್ಲಿ ಹಾಡಿನ ವಿಷಯ ಬರೆಯಿರಿ ಎಂದಿದ್ದರು. ನಾನು ಎಣ್ಣೆಯ ವಿಷಯ ಬರೆಯುತ್ತೇನೆ ಎಂದೆ. ಏಳನೇ ಕ್ಲಾಸು ಕಲಿತವನಿಗೆ ಅದರಲ್ಲಿ ಎಂತ ಗೊತ್ತುಂಟು ಎಂದು ನೀವು ಕೇಳಬಹುದು. ಕ್ರಯ ಕೊಡುವವನಿಗೆ ಸ್ವಲ್ಪವಾದರೂ ಗೊತ್ತಿರುತ್ತದೆ. ಮತ್ತೆ ಹಾಡಿಗೂ ಎಣ್ಣೆಗೂ ಸಂಬಂಧ ಇಲ್ಲವೆಂದೇನಿಲ್ಲ. ನಾನು ಓಬೇಲೆ ಕಲಿತದ್ದು ಅಮ್ಮನ ಹಿಂದೆ ಕೆಸರಿನಲ್ಲಿ ನೇಜಿ ಹಿಡಿದುಕೊಂಡು. ಗದ್ದೆಗೆ ಟಿಲ್ಲರ್ ಬಂದ ಮೇಲೆ ಅದರ ಶಬ್ದದಲ್ಲಿ ಯಾರ ಸ್ವರವೂ ಕೇಳುವುದಿಲ್ಲ. ಈಗ ಗದ್ದೆಯೇ ಕಡಿಮೆ, ಅದು ಬೇರೆ ಕತೆ.

ನಮ್ಮ ಹಳೇ ಮನೆಯಲ್ಲಿ ಒಂದು ಪತ್ತಾಯ ಇತ್ತು, ಹಲಸಿನ ಮರದ್ದು. ಒಳಗೆ ಭತ್ತ. ಅಟ್ಟದಲ್ಲಿ ಅಕ್ಕಿ ಮುಡಿ ಎರಡೋ ಮೂರೋ. ಆಟಿ ತಿಂಗಳಲ್ಲಿ ಕೆಲಸವೂ ಇಲ್ಲ, ದಾರಿಯೂ ಇಲ್ಲ, ಹೊಳೆ ತುಂಬಿ ಪೇಟೆಗೆ ಹೋಗುವುದಕ್ಕೂ ಆಗುವುದಿಲ್ಲ. ಆಗ ಪತ್ತಾಯದ ಬಾಗಿಲು ತೆಗೆಯುವುದು. ಅದರ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ನೆಂಟರು ಬಂದರೆಂದು ಅಜ್ಜಿ ಅದನ್ನು ತೆಗೆದವರಲ್ಲ, ಅಪ್ಪ ಕೇಳಿದರೂ ತೆಗೆದವರಲ್ಲ.

ದೇಶಕ್ಕೂ ಅಂಥದ್ದೊಂದು ಪತ್ತಾಯ ಉಂಟು. ನಮ್ಮಿಂದ ದೂರವೇನೂ ಅಲ್ಲ. ಉಡುಪಿ ಜಿಲ್ಲೆಯ ಕಾಪು ಹತ್ತಿರ ಪಾದೂರು ಎಂಬಲ್ಲಿ ಬಂಡೆ ಕೊರೆದು ನೆಲದ ಅಡಿಯಲ್ಲಿ 25 ಲಕ್ಷ ಟನ್ ಕಚ್ಚಾ ಎಣ್ಣೆ ಇಡುವಷ್ಟು ಜಾಗ ಮಾಡಿದ್ದಾರೆ. ಮಂಗಳೂರಿನಲ್ಲಿ 15 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13 ಲಕ್ಷ ಚಿಲ್ಲರೆ. ಇದನ್ನು ನೋಡಿಕೊಳ್ಳಲಿಕ್ಕೆಂದೇ 2004ರಲ್ಲಿ ಸರಕಾರದ ಒಂದು ಕಂಪೆನಿ ಆಯಿತು. ನಾವು ಮಂಗಳೂರಿನ ಆಸ್ಪತ್ರೆಗೆ ಹೋಗುತ್ತೇವೆ, ಉಡುಪಿಯ ಮಠಕ್ಕೆ ಹೋಗುತ್ತೇವೆ. ಕಾಪು ದಾಟುವಾಗ ಆ ಬದಿಯಲ್ಲಿ ನೆಲದ ಅಡಿ ಇಷ್ಟು ಎಣ್ಣೆ ಉಂಟು ಎಂದು ಬಸ್ಸಿನಲ್ಲಿದ್ದ ಎಷ್ಟು ಜನಕ್ಕೆ ಗೊತ್ತಿರುತ್ತದೆ?

ಬಂಡೆಯ ಗುಹೆಯಲ್ಲಿ ಎಣ್ಣೆ ಹೇಗೆ ನಿಲ್ಲುತ್ತದೆ, ಬಿರುಕಿನಲ್ಲಿ ಇಳಿದು ಹೋಗುವುದಿಲ್ಲವಾ ಎಂದು ನನಗೆ ಮೊದಲಿನಿಂದಲೂ ಕುತೂಹಲ. ಹೈಸ್ಕೂಲಿನ ವಿಜ್ಞಾನದ ಟೀಚರು ಬಿಡಿಸಿ ಹೇಳಿದರು. ಗುಹೆ ಇರುವುದು ನೆಲದೊಳಗಿನ ನೀರಿನ ಮಟ್ಟಕ್ಕಿಂತ ಕೆಳಗೆ. ಸುತ್ತಲಿನ ಬಂಡೆಯ ನೀರು ಒಳಕ್ಕೆ ಒತ್ತುತ್ತದೆ, ಆ ಒತ್ತಡದಲ್ಲಿ ಎಣ್ಣೆ ಹೊರಗೆ ಹೋಗಲಾರದು. ಒಳಗೆ ಜಿನುಗಿದ ನೀರನ್ನು ಪಂಪು ಇಟ್ಟು ತೆಗೆಯುತ್ತಾರೆ. ಇದು ಕೇಳಿದ ಕೂಡಲೇ ನನಗೆ ತಲೆಗೆ ಹೋಯಿತು. ನಮ್ಮ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಸುರಂಗ ಕೊರೆಯುವುದು ನೋಡಿದವರಿಗೆ ಇದು ಹೊಸತಲ್ಲ. ಒಬ್ಬನೇ ಬಗ್ಗಿ ಹೋಗುವಷ್ಟು ಅಗಲ, ಒಂದು ಪಿಕ್ಕಾಸು, ಒಂದು ದೀಪ. ಗುಡ್ಡೆಯ ಒಳಗಿನ ನೀರು ತಾನಾಗಿಯೇ ಸುರಂಗಕ್ಕೆ ಬರುತ್ತದೆ. ಯಾರೂ ಎಳೆಯಬೇಕೆಂದಿಲ್ಲ. ನಮ್ಮ ಹಿರಿಯರು ನೀರಿಗಾಗಿ ನೀರನ್ನು ನಂಬಿದರು, ಸರಕಾರ ಎಣ್ಣೆಗಾಗಿ ನೀರನ್ನು ನಂಬಿದೆ. ಅಷ್ಟೇ ವ್ಯತ್ಯಾಸ.

ಆದರೆ ಲೆಕ್ಕ ಕೇಳಿದರೆ ಸ್ವಲ್ಪ ಬೇಸರ ಆಗುತ್ತದೆ. ಈ ಮೂರೂ ಕಡೆ ತುಂಬಿಸಿಟ್ಟರೆ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಕು. ಎಣ್ಣೆ ಕಂಪೆನಿಗಳ ಟಾಂಕಿಗಳಲ್ಲಿ ಎರಡು ತಿಂಗಳಷ್ಟರದ್ದು ಬೇರೆ ಉಂಟು. ನಾವು ಸುಡುವ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುವುದು. ಒಂಬತ್ತೂವರೆ ದಿನದಲ್ಲಿ ಆಟಿ ಮುಗಿಯುವುದಿಲ್ಲ. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್, ಒಡಿಶಾದ ಚಂಡಿಖೋಲಿನಲ್ಲಿ 40 ಲಕ್ಷ ಟನ್ ಎಂದು 2021ರಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ. ಇನ್ನೊಂದು ತಮಾಷೆ ಹೇಳುತ್ತೇನೆ. ಮಂಗಳೂರಿನ ಗುಹೆಯಲ್ಲಿ ಅಬುಧಾಬಿಯ ಕಂಪೆನಿಗೂ ಜಾಗ ಕೊಟ್ಟಿದ್ದಾರೆ, 2018ರಲ್ಲಿ ಅವರ ಮೊದಲ ಹಡಗು ಬಂತು. ಪತ್ತಾಯ ನಮ್ಮದು, ಭತ್ತ ಅವರದ್ದು. ಕಷ್ಟ ಬಂದಾಗ ಮೊದಲ ಹಕ್ಕು ನಮಗೆ ಎಂದು ಕರಾರು. ಕಾಗದದಲ್ಲಿ ಸರಿ ಉಂಟು. ಅಜ್ಜಿ ಒಪ್ಪುತ್ತಿದ್ದರೋ ಇಲ್ಲವೋ.

2020ರಲ್ಲಿ ಕೊರೋನ ಬಂದು ಲೋಕವೇ ಬಾಗಿಲು ಹಾಕಿದಾಗ ಎಣ್ಣೆಯ ಕ್ರಯ ಬಿದ್ದುಹೋಯಿತು. ಪೀಪಾಯಿಗೆ ಸರಾಸರಿ 19 ಡಾಲರಿನ ಹಾಗೆ ತಂದು ಈ ಗುಹೆಗಳನ್ನು ತುಂಬಿಸಿದರು. ಸುಮಾರು 5000 ಕೋಟಿ ಉಳಿಯಿತೆಂದು ಸರಕಾರ ಹೇಳಿತು. ಒಳ್ಳೆ ಸಂಸಾರಸ್ಥನ ಕೆಲಸ, ಅದನ್ನು ಹೊಗಳಬೇಕು. ಆದರೆ ಅದೇ ಮೇ ತಿಂಗಳಲ್ಲಿ ಕೇಂದ್ರದ ಸುಂಕ ಪೆಟ್ರೋಲಿಗೆ ಲೀಟರಿಗೆ 10 ರೂಪಾಯಿ, ಡೀಸೆಲಿಗೆ 13 ರೂಪಾಯಿ ಏರಿತು. ಕಚ್ಚಾ ಎಣ್ಣೆ ಅಗ್ಗ ಆದದ್ದು ನಮಗೆ ಪೇಪರಿನಲ್ಲಿ ಓದಿ ಗೊತ್ತು, ಪಂಪಿನಲ್ಲಿ ಅಲ್ಲ. ಮರುವರ್ಷ ಕ್ರಯ ಏರಿದಾಗ ಅಮೇರಿಕದವರ ಜೊತೆ ಸೇರಿ ನಮ್ಮವರೂ 50 ಲಕ್ಷ ಪೀಪಾಯಿ ಬಿಡುತ್ತೇವೆ ಎಂದರು. ನಮ್ಮ ದೇಶಕ್ಕೆ ಒಂದು ದಿನಕ್ಕೇ ಸುಮಾರು ಅಷ್ಟು ಬೇಕು ಮಾರಾಯ್ರೆ.

ಇನ್ನು ನನ್ನ ಮನೆಯ ಪಂಚಾತಿಕೆ. ನನಗೆ ಅಡಿಕೆ ತೋಟ ಒಂದೂವರೆ ಎಕ್ರೆ. ಮಳೆಗಾಲಕ್ಕೆ ಮಹಾಳಿ ಬಾರದ ಹಾಗೆ ಮೈಲುತುತ್ತು ಸುಣ್ಣದ ಮದ್ದು ಬಿಡಬೇಕು, ಅದರ ಎಂಜಿನಿಗೆ ಪೆಟ್ರೋಲು. ಬೇಸಗೆಯಲ್ಲಿ ಕರೆಂಟು ಕೈಕೊಟ್ಟರೆ ಹೊಳೆಯ ಕಟ್ಟದ ಹತ್ತಿರ ಡೀಸೆಲ್ ಪಂಪು. ಅಡಿಕೆ ಪೇಟೆಗೆ ಹೋಗುವ ಜೀಪು, ಹಾಡಿಗೆ ಹೋಗುವಾಗ ನಮ್ಮ ಆರು ಜನದ ತಂಡದ ಬಾಡಿಗೆ ಗಾಡಿ, ಎಲ್ಲದಕ್ಕೂ ಎಣ್ಣೆ. ಹಾಗಾಗಿ ಎಣ್ಣೆಯ ಕ್ರಯ ಇಳಿಯಲಿ ಎಂದು ನಾನು ದಿನಾ ಬೆಳಿಗ್ಗೆ ದೇವರ ಎದುರು ಹೇಳುವುದು.

ತೋಡಿನ ಆಚೆ ತಂಗಿಯ ಮನೆ. ಅವಳ ಮಗ ಸೌದಿಯಲ್ಲಿ ಕಟ್ಟಡದ ಕೆಲಸದ ಕಂಪೆನಿಯಲ್ಲಿದ್ದ. 2014ರ ಕೊನೆಯಿಂದ ಎಣ್ಣೆ ಇಳಿಯುತ್ತಾ ಬಂತು. ಎಣ್ಣೆ ಮಾರಿ ಬದುಕುವ ದೇಶದಲ್ಲಿ ಕ್ರಯ ಇಳಿದರೆ ಸರಕಾರದ ಕೈಯಲ್ಲಿ ಹಣ ಇಲ್ಲ, ಹಣ ಇಲ್ಲದಿದ್ದರೆ ಕಟ್ಟಡ ಇಲ್ಲ. 2016ರಲ್ಲಿ ಅಲ್ಲಿ ಸಾವಿರಾರು ಭಾರತೀಯರು ಸಂಬಳ ಸಿಕ್ಕದೆ ಕ್ಯಾಂಪುಗಳಲ್ಲಿ ಉಳಿದದ್ದು ನಿಮಗೆ ನೆನಪಿರಬಹುದು. ಅಳಿಯನಿಗೂ ಏಳು ತಿಂಗಳ ಸಂಬಳ ಬರಲಿಲ್ಲ. ಫೋನಿನಲ್ಲಿ ಅವ ಕೇಳಿದ, "ಮಾವಾ, ಊರಿನಲ್ಲಿ ಪೆಟ್ರೋಲಿಗೆ ಎಷ್ಟುಂಟು?" ನಾನು "ಇಳಿದಿದೆ ಮಗಾ" ಎಂದೆ. ಆ ಬದಿಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಮತ್ತೆ, "ಇನ್ನು ಇಳಿಯುವುದು ಬೇಡ ಮಾವ" ಎಂದ. ತಂಗಿ ಪಕ್ಕದಲ್ಲೇ ನಿಂತಿದ್ದಳು. ಒಂದೇ ತೋಡಿನ ಎರಡು ಬದಿಯಲ್ಲಿ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ದೇವರಲ್ಲಿ ನಾನು ಇಳಿಸು ಎನ್ನುವುದು, ಅವಳು ಏರಿಸು ಎನ್ನುವುದು. ನಮ್ಮ ತಾಲೂಕಿನಲ್ಲಿ ಇಂಥ ಮನೆಗಳು ಎಷ್ಟಿಲ್ಲ!

ಭಾವನ ಕಾಲದಲ್ಲಿ ಇದು ಇನ್ನೊಂದು ರೀತಿಯಲ್ಲಿ ಬಂದಿತ್ತು. ಅವರು ಕುವೈತಿನಲ್ಲಿದ್ದರು. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಒಳಗೆ ಬಂತು. ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದು, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿ. ಹಾಗೆ ಸುಮಾರು 1,70,000 ಜನರನ್ನು ಊರಿಗೆ ತಂದರು. ಭಾವ ಮನೆಗೆ ಬರುವಾಗ ಕೈಯಲ್ಲಿ ಇದ್ದದ್ದು ಒಂದು ಚೀಲ. ಆ ವರ್ಷ ಎಣ್ಣೆಯ ಕ್ರಯ ಏರಿ, ಗಲ್ಫಿನಿಂದ ಬರುವ ಹಣ ನಿಂತು, ಮರುವರ್ಷ ದೇಶವೇ ಬಂಗಾರ ಅಡವು ಇಡಬೇಕಾಯಿತು. ತಂಗಿಯ ಬಳೆಯೂ ಅದೇ ಹೊತ್ತಿಗೆ ಬ್ಯಾಂಕಿಗೆ ಹೋಯಿತು. ಪತ್ತಾಯ ಬೇಕು ಎಂದು ನಾನು ಹೇಳುವುದು ಆ ಬಳೆಯನ್ನು ನೋಡಿ.

ಕುಂಬಳೆ ಕಡಪ್ಪುರದಲ್ಲಿ ನನಗೊಬ್ಬ ಹಳೇ ಸ್ನೇಹಿತ, ಮೊಗವೀರ. ಅವನ ದೋಣಿಯ ಮೋಟರಿಗೆ ಚಿಮಿಣಿ ಎಣ್ಣೆ. ಸ್ಟಾರ್ಟ್ ಮಾಡುವಾಗ ಪೆಟ್ರೋಲು, ಮತ್ತೆ ಚಿಮಿಣಿ ಎಣ್ಣೆಯಲ್ಲಿ ಓಡುವುದು. ರೇಶನಿನ ನೀಲಿ ಎಣ್ಣೆಯ ಸಬ್ಸಿಡಿ ಸ್ವಲ್ಪ ಸ್ವಲ್ಪವೇ ತೆಗೆದು 2020ಕ್ಕೆ ಪೂರ್ತಿ ನಿಂತಿತು. ಪರ್ಮಿಟ್ಟಿನ ಎಣ್ಣೆ ಸಾಲುವುದಿಲ್ಲ, ಉಳಿದದ್ದು ಹೊರಗೆ ಕ್ರಯ ಕೊಟ್ಟು ತರಬೇಕು. ಮನೆಗಳಿಗೆ ಗ್ಯಾಸು ಬಂತು, ಕರೆಂಟು ಬಂತು, ಇನ್ನು ಚಿಮಿಣಿ ಎಣ್ಣೆ ಯಾಕೆ ಎಂದು ಲೆಕ್ಕ ಹಾಕಿದವರಿಗೆ ಅಡಿಗೆ ಮನೆ ಕಂಡಿತು, ದೋಣಿ ಕಾಣಲಿಲ್ಲ. "ಅಣ್ಣೆರೇ, ಮೀನು ಸಿಕ್ಕಿದ್ರೆ ಎಣ್ಣೆಗೆ ಸರಿ, ಸಿಕ್ಕದಿದ್ರೆ ಸಾಲಕ್ಕೆ ಸರಿ" ಎನ್ನುತ್ತಾನೆ.

ಹೊರಗಿನಿಂದ ತರುವುದಕ್ಕಿಂತ ನಮ್ಮಲ್ಲೇ ತೋಡಬಾರದಾ ಎಂದು ಚಾವಡಿಯಲ್ಲಿ ಕೆಲವರು ಕೇಳುವುದುಂಟು. ತೋಡುತ್ತಾರಲ್ಲ. ಬೊಂಬಾಯಿಯ ಸಮುದ್ರದಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿತು, ದೇಶಕ್ಕೆ ದೊಡ್ಡ ಆಧಾರ ಆಯಿತು. ಅಲ್ಲಿ ಒಂದೊಂದು ಕಟ್ಟೆಯ ಸುತ್ತ 500 ಮೀಟರ್ ಒಳಗೆ ಮೀನಿನ ದೋಣಿ ಹೋಗಬಾರದು. ಅಸ್ಸಾಮಿನ ಬಾಗ್‌ಜಾನ್ ಎಂಬಲ್ಲಿ 2020ರ ಮೇ ತಿಂಗಳಲ್ಲಿ ಒಂದು ಬಾವಿ ಕೈಮೀರಿ ಉಕ್ಕಿತು, ಜೂನ್ 9ಕ್ಕೆ ಬೆಂಕಿ ಹಿಡಿಯಿತು, ಆರಿಸುವಾಗ ನವೆಂಬರ್. ಬೆಂಕಿ ಆರಿಸಲು ಹೋದ ಇಬ್ಬರು ಸತ್ತರು, ಸುತ್ತಿನವರು ಮನೆ ಬಿಟ್ಟು ಕ್ಯಾಂಪಿನಲ್ಲಿ ಕೂತರು, ಪಕ್ಕದ ಕೆರೆಯ ಮೀನು ಹೋಯಿತು. ತಮಿಳುನಾಡಿನ ಕಾವೇರಿ ಬಯಲಿನ ರೈತರು ಗದ್ದೆಯಲ್ಲಿ ಕೊರೆಯುವುದು ಬೇಡ ಎಂದು ಹೋರಾಟ ಮಾಡಿದರು. 2020ರಲ್ಲಿ ಅಲ್ಲಿ ಹೊಸ ಎಣ್ಣೆಬಾವಿ ಕೂಡದೆಂದು ಕಾನೂನೇ ಆಯಿತು. ನಾನು ಭತ್ತ ಬೆಳೆದವ, ಅವರ ಬದಿಗೇ ನಿಲ್ಲುತ್ತೇನೆ. ಹಾಗೆಂದು ನನ್ನ ಪಂಪಿಗೆ ಡೀಸೆಲ್ ಬೇಡವೆನ್ನುತ್ತೇನಾ? ಇಲ್ಲ. ಅಸ್ಸಾಮಿನವರ ಕೆರೆಯದ್ದೋ, ಸೌದಿಯ ಮರಳಿನದ್ದೋ, ಎಲ್ಲಿಂದಾದರೂ ಬರಲಿ ಎಂದು ಕಾದು ಕೂತಿರುತ್ತೇನೆ. ಇದಕ್ಕೆ ಉತ್ತರ ನನ್ನಲ್ಲಿಲ್ಲ.

ಜಾಗದ ವಿಷಯ ಒಂದುಂಟು. ಪತ್ತಾಯಕ್ಕಾಗಲಿ ಪೈಪಿಗಾಗಲಿ ನೆಲ ಬೇಕು. ಎಲ್ಲಿಯೇ ಆಗಲಿ, ಸರಕಾರ ಜಾಗ ತೆಗೆದುಕೊಂಡಾಗ ಪರಿಹಾರ ಹೋಗುವುದು ಪಟ್ಟೆಯಲ್ಲಿ ಹೆಸರಿದ್ದವರಿಗೆ. ಆ ಗುಡ್ಡೆಯಿಂದ ಸೊಪ್ಪು ತಂದು ಹಟ್ಟಿಗೆ ಹಾಕಿದವಳ ಹೆಸರು ಯಾವ ಪಟ್ಟೆಯಲ್ಲಿ ಉಂಟು? ದನ ಮೇಯಿಸಿದವನದ್ದು? ಕಟ್ಟೆಯ ಅಡಿಯ ಕಲ್ಲಿಗೆ ವರ್ಷಕ್ಕೊಮ್ಮೆ ಎಳನೀರು ಇಟ್ಟವನದ್ದು? ಇದನ್ನು ಬರೆದುಕೊಳ್ಳುವುದಕ್ಕೆ ಫಾರಮಿನಲ್ಲಿ ಕೋಲಂ ಇರುವುದಿಲ್ಲ. ಟೀಚರುಗಳು ಮಕ್ಕಳಿಗೆ ಪಾದೂರಿನ ಲೆಕ್ಕ ಹೇಳಿಕೊಡುವಾಗ ಟನ್ನಿನ ಜೊತೆ ಇದನ್ನೂ ಒಂದು ಮಾತು ಹೇಳಲಿ.

ಅಳಿಯ ಈಗ ಕತಾರಿನಲ್ಲಿದ್ದಾನೆ. ಸಂಬಳ ಸರಿಯಾಗಿ ಬರುತ್ತಿದೆ. ಮೊನ್ನೆ ತಂಗಿ ಒಂದು ಕವರಿನಲ್ಲಿ ಐದು ಸಾವಿರ ರೂಪಾಯಿ ತಂದು ಕೊಟ್ಟು, "ಅಣ್ಣಾ, ಅವ ಹೇಳಿದ್ದಾನೆ, ಮದ್ದು ಬಿಡುವ ಎಂಜಿನಿಗೆ ಪೆಟ್ರೋಲು ಹಾಕಿಸಲಿಕ್ಕೆ" ಎಂದಳು. ಮಳೆ ಬಿಟ್ಟ ದಿನ ನೋಡಿ ಮೊದಲ ಮದ್ದು ಬಿಡಬೇಕು. ಮರ ಹತ್ತುವವನಿಗೆ ಹೇಳಿ ಆಗಿದೆ, ಪೆಟ್ರೋಲಿಗೆ ನಾಳೆ ತಲಪಾಡಿಗೆ ಹೋಗುವುದು.