ಪಹಣಿಯಲ್ಲಿಲ್ಲದ ಹೆಸರು

ಅಪ್ಪ ತೀರಿಕೊಂಡ ಮೇಲೆ ಸಾಗರ ತಾಲ್ಲೂಕಿನ ನಮ್ಮ ಎರಡೆಕರೆ ಗದ್ದೆ ಪೌತಿ ಖಾತೆಯಾಗಿ ನಾವು ಮೂವರು ಒಡಹುಟ್ಟಿದವರ ಹೆಸರಿಗೆ ಬಂದಿತು. ನಮ್ಮಲ್ಲಿ ಒಬ್ಬರು ದೆಹಲಿಯಲ್ಲಿ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದೇವೆ, ಇನ್ನಿಬ್ಬರು ಪುಣೆ, ಬೆಂಗಳೂರುಗಳಲ್ಲಿ. ಕೆಸರಿಗಿಳಿದು ನಾಟಿ ಮಾಡಿದವರು ಮೂವರಲ್ಲಿ ಯಾರೂ ಇಲ್ಲ. ಅಪ್ಪನ ಮಂಡಿ ಸೋತಂದಿನಿಂದ, ಅಂದರೆ ಹದಿನೈದು ವರ್ಷಗಳಿಂದ, ಆ ಗದ್ದೆ ಮಾಡುತ್ತಿರುವವನು ನಮ್ಮೊಡನೆ ಒಂದೇ ಶಾಲೆಗೆ ಬಂದ ಪಕ್ಕದ ಕೇರಿಯಾತ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಆತ ಜಗಲಿಯ ಅಂಚಿನಲ್ಲಿ ಕುಳಿತು ಕೇಳಿದ: "ಅಣ್ಣಾ, ಯಜಮಾನ್ರಿಗೆ ಬರ್ತಿದ್ದ ಎರಡು ಸಾವಿರ ಈಗ ಯಾರಿಗೆ ಬರ್ತದೆ?"

ಯಾರಿಗೂ ಬರುವುದಿಲ್ಲ ಎಂದೆವು. ಆತ ನಂಬಲಿಲ್ಲ.

2019ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ರೈತರ ಬ್ಯಾಂಕ್ ಖಾತೆಗೇ ಹಾಕುತ್ತದೆ. ಮೊದಲು ಎರಡು ಹೆಕ್ಟೇರಿನ ಮಿತಿಯಿತ್ತು, ಅದೇ ವರ್ಷ ಅದನ್ನು ತೆಗೆದರು. ಕೆಲಕಾಲ ಕರ್ನಾಟಕ ಸರ್ಕಾರವೂ 4,000 ರೂಪಾಯಿ ಸೇರಿಸಿ ಕೊಟ್ಟಿತು. ಆದರೆ ಯೋಜನೆಯ ಕಣ್ಣಿಗೆ ರೈತನೆಂದರೆ ಭೂದಾಖಲೆಯಲ್ಲಿ ಹೆಸರಿರುವವನು. ಸರ್ಕಾರಿ ನೌಕರರಿಗೆ, ಡಿ ದರ್ಜೆಯವರ ಹೊರತು, ಹಣವಿಲ್ಲ. ಆದಾಯ ತೆರಿಗೆ ಕಟ್ಟಿದವರಿಗೂ ಇಲ್ಲ. ನಾವು ಮೂವರೂ ಹೊರಬಿದ್ದೆವು. ಅದು ನ್ಯಾಯವೇ, ದೂರಿಲ್ಲ. ಆತನದು ಮಾತ್ರ ಬೇರೆಯ ಕಥೆ. ನೇಗಿಲು ಆತನದು, ಗೊಬ್ಬರದ ಸಾಲ ಆತನದು, ಪಹಣಿಯಲ್ಲಿ ಹೆಸರು ನಮ್ಮದು. ಬೆಳೆ ಕೊಚ್ಚಿಹೋದ ವರ್ಷ ಪರಿಹಾರವೂ ಅಪ್ಪನ ಖಾತೆಗೇ ಬಂದಿತ್ತು. ಅದರಲ್ಲಿ ಅಪ್ಪ ಅರ್ಧ ಕೊಟ್ಟರೆಂದು ನಾವು ತಿಳಿದಿದ್ದೇವೆ. ಆತನನ್ನು ಕೇಳಿ ಖಚಿತಪಡಿಸಿಕೊಳ್ಳುವ ಧೈರ್ಯ ಮಾಡಿಲ್ಲ.

ಹೈದರಾಬಾದಿನ ಗೆಳೆಯರು ಇದನ್ನು ಬಲ್ಲರು. ತೆಲಂಗಾಣದಲ್ಲಿ 2018ರಲ್ಲಿ ಬಂದ ರೈತಬಂಧು ಎಕರೆಗೆ ಹಂಗಾಮಿಗೆ 4,000 ರೂಪಾಯಿ ಕೊಟ್ಟಾಗಲೂ ಗೇಣಿದಾರನನ್ನು ಹೊರಗೇ ಇಟ್ಟಿತ್ತು. ಒಡಿಶಾದ ಕಾಲಿಯಾ ಯೋಜನೆ ಮಾತ್ರ ಭೂಮಿಯಿಲ್ಲದವರನ್ನೂ ಒಳಗೆ ಕರೆಯಿತು.

ಹಾಗಾದರೆ ಆತನ ಹೆಸರಿಗೆ ಒಂದು ಕಾಗದ ಮಾಡಿಕೊಡಬಾರದೇಕೆ? ಇಲ್ಲಿಯೇ ನಮ್ಮ ನಾಲಿಗೆ ತೊದಲುವುದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ, ಸೈನಿಕರು ಮತ್ತು ನಾವಿಕರ ಹೊರತು, ಕೃಷಿಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. ಆದ್ದರಿಂದ ನಮ್ಮ ಗೇಣಿ ಬಾಯಿಮಾತಿನದು, ಮತ್ತು ಆತ ಯಾವ ಕಡತದಲ್ಲಿಯೂ ಇಲ್ಲ. ಕಡತದಲ್ಲಿ ಇಲ್ಲದವನು ಇಲ್ಲವೇ ಇಲ್ಲ ಎಂಬುದನ್ನು ಇಪ್ಪತ್ತು ವರ್ಷ ಕಚೇರಿಯಲ್ಲಿ ಕುಳಿತವರು ಬೇರೆಯವರಿಂದ ಕಲಿಯಬೇಕಾಗಿಲ್ಲ.

ಕಾನೂನನ್ನು ನೆಪ ಮಾಡುತ್ತಿದ್ದೇವೆಯೇ? ಸ್ವಲ್ಪ ಹೌದು. ಈ ಎರಡೆಕರೆ ನಮ್ಮ ಅಜ್ಜನಿಗೆ ಸಿಕ್ಕಿದ್ದೇ ಆ ಕಾನೂನಿನಿಂದ. 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ ಕಾಗೋಡು ನಮ್ಮದೇ ತಾಲ್ಲೂಕಿನದು; ಅಜ್ಜನೂ ಗೇಣಿಯ ಒಕ್ಕಲು. ದೇವರಾಜ ಅರಸರ ಕಾಲದಲ್ಲಿ ನಮೂನೆ 7ರ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ಕೈಕಟ್ಟಿ ನಿಂತು ಪಡೆದ ಆದೇಶ ಇಂದಿಗೂ ಟ್ರಂಕಿನಲ್ಲಿದೆ. ಉಳುವವನೇ ಒಡೆಯ ಎಂದು ನಮಗೆ ಹೇಳಿಕೊಟ್ಟವರು ಅಜ್ಜ. ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಬೇರೆ ಹೆಸರು ಏರದಂತೆ ನೋಡಿಕೊಳ್ಳಿ ಎಂದು ಹೇಳಿಕೊಟ್ಟವರು ಅಪ್ಪ. ನಾವು ಮೂವರೂ ಅಪ್ಪನ ಮಾತನ್ನೇ ನಡೆಸುತ್ತಿದ್ದೇವೆ.

ಆ ರಾತ್ರಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ, ಈ ವರ್ಷದ ಗೇಣಿಯಲ್ಲಿ ಆರು ಸಾವಿರ ಕಡಿಮೆ ಮಾಡುವುದೆಂದು ತೀರ್ಮಾನಿಸಿದೆವು. ಬೆಳಿಗ್ಗೆ ಹೇಳಿದಾಗ ಆತ ಬೇಡವೆನ್ನಲಿಲ್ಲ. ಕವಳ ಉಗಿದು ಬಂದು, "ಇದು ನಿಮ್ಮ ದುಡ್ಡಾಯ್ತು ಅಣ್ಣಾ," ಎಂದ. "ನಾನು ಕೇಳಿದ್ದು ಸರ್ಕಾರದ್ದು."