ಹೆಸರು ಕಿತ್ತುಕೊಂಡ ಲ್ಯಾಪ್‌ಟಾಪ್

ಇಂಜಿನಿಯರಿಂಗ್ ಕಾಲೇಜೊಂದರ ನೆಟ್‌ವರ್ಕ್ ನನ್ನ ಸುಪರ್ದಿಯಲ್ಲಿದ್ದ ಕಾಲದಲ್ಲಿ ದೊಡ್ಡ ತಲೆನೋವಾಗಿದ್ದದ್ದು ಹೆಸರುಗಳ ಪಟ್ಟಿ. ಲ್ಯಾಬಿನ ಕಂಪ್ಯೂಟರ್, ಪ್ರಿಂಟರ್, ಮೇಷ್ಟ್ರುಗಳ ಲ್ಯಾಪ್‌ಟಾಪ್ ಎಲ್ಲಕ್ಕೂ ಡಿಎಚ್‌ಸಿಪಿ ಸರ್ವರ್ ತಾನೇ ಐಪಿ ವಿಳಾಸ ಹಂಚುತ್ತಿತ್ತು. ಯಾವ ಹೆಸರಿಗೆ ಯಾವ ವಿಳಾಸ ಎಂದು ಹೇಳುವ ಡಿಎನ್‌ಎಸ್‌ನ ಝೋನ್ ಫೈಲನ್ನು ಮಾತ್ರ ನಾನು ಕೈಯಾರೆ ಬರೆಯುತ್ತಿದ್ದೆ. ಅಲ್ಲಿ ವಿಳಾಸ ಬದಲಾದರೂ ಇಲ್ಲಿ ಹಳೆಯದೇ ಕೂತಿರುತ್ತಿತ್ತು. ‘ಸರ್, ಪ್ರಿಂಟರ್ ಸಿಗ್ತಿಲ್ಲ’ ಎಂದು ಫೋನ್ ಬಂದರೆ ಎಷ್ಟೋ ಸಲ ಪ್ರಿಂಟರ್ ಸರಿಯಾಗಿಯೇ ಇರುತ್ತಿತ್ತು, ಕೆಟ್ಟಿರುತ್ತಿದ್ದದ್ದು ನನ್ನ ಫೈಲು.

ಇದಕ್ಕೆ ಮದ್ದು 1997ರಿಂದಲೇ ಇದೆ. ಆ ವರ್ಷ ಹೊರಬಂದ ಆರ್‌ಎಫ್‌ಸಿ 2136 ಎಂಬ ನಿಯಮಾವಳಿಯ ಪ್ರಕಾರ ಡಿಎನ್‌ಎಸ್ ದಾಖಲೆಯನ್ನು ಸಂದೇಶ ಕಳಿಸಿಯೇ ತಿದ್ದಬಹುದು. ಡಿಎಚ್‌ಸಿಪಿ ಸರ್ವರ್ ಒಂದು ವಿಳಾಸ ಕೊಟ್ಟ ಕೂಡಲೇ ‘ಈ ಹೆಸರು ಇನ್ನು ಈ ವಿಳಾಸದ್ದು’ ಎಂದು ಡಿಎನ್‌ಎಸ್‌ಗೆ ತಿಳಿಸುತ್ತದೆ. ವಿಳಾಸದಿಂದ ಹೆಸರು ಹುಡುಕುವ ದಾಖಲೆಯನ್ನೂ ಬರೆಸುತ್ತದೆ, ಆ ವಿಳಾಸದ ಲೀಸ್, ಅಂದರೆ ಅದನ್ನು ಬಳಸಲು ಕೊಟ್ಟ ಅವಧಿ, ಮುಗಿದಾಗ ಎರಡನ್ನೂ ಅಳಿಸುತ್ತದೆ. ಇಬ್ಬರ ನಡುವೆ ಒಂದು ಗುಪ್ತ ಕೀಲಿ ಇರುತ್ತದೆ, ಆ ಕೀಲಿಯ ಸಹಿ ಇಲ್ಲದ ಸಂದೇಶವನ್ನು ಡಿಎನ್‌ಎಸ್ ಒಪ್ಪುವುದಿಲ್ಲ. ಐಎಸ್‌ಸಿ ಸಂಸ್ಥೆಯ ಡಿಎಚ್‌ಸಿಪಿ ಸರ್ವರ್ ಮತ್ತು ಬೈಂಡ್ ಎಂಬ ಡಿಎನ್‌ಎಸ್ ಸರ್ವರ್ ಎರಡನ್ನೂ ಹೀಗೆ ಜೋಡಿಸಿದೆ. ಫೋನು ನಿಂತಿತು.

ಲಾಗ್ ಮಾತ್ರ ನಿಲ್ಲಲಿಲ್ಲ. ಲ್ಯಾಬಿನ ಯಂತ್ರಗಳಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದವು. ವಿಂಡೋಸ್‌ನಲ್ಲಿ ನೋಂದಾಯಿಸಿದ ಹೆಸರನ್ನು ಲಿನಕ್ಸ್‌ನಲ್ಲಿ ಎದ್ದಾಗ ಅದೇ ಯಂತ್ರ ಕೇಳಿದರೂ ಡಿಎಚ್‌ಸಿಪಿ ಕೊಡುತ್ತಿರಲಿಲ್ಲ, ‘ಈ ಹೆಸರು ಬೇರೆಯವರದು’ ಎಂಬ ದೂರನ್ನು ಲಾಗ್ ತುಂಬ ಬರೆಯುತ್ತಿತ್ತು. ಕಾರಣ ಡಿಎಚ್‌ಸಿಐಡಿ ಎಂಬ ದಾಖಲೆ. ಹೆಸರು ಬರೆಸಿದ ಯಂತ್ರದ ಗುರುತನ್ನೂ ಆ ಹೆಸರನ್ನೂ ಸೇರಿಸಿ ಲೆಕ್ಕ ಹಾಕಿದ ಒಂದು ಮುದ್ರೆ ಅದು. ಹೆಸರಿನ ಪಕ್ಕದಲ್ಲೇ ಕೂತು, ಇದು ಯಾರದು ಎಂದು ಸಾಕ್ಷಿ ಹೇಳುತ್ತದೆ. ಇದರ ನಿಯಮ ಪಕ್ಕಾ ಆದದ್ದು 2006ರಲ್ಲಿ. ನಮ್ಮಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್‌ಗಳು ತಮ್ಮ ಗುರುತನ್ನು ಎರಡು ಬಗೆಯಲ್ಲಿ ಹೇಳಿಕೊಳ್ಳುತ್ತಿದ್ದವು, ಮುದ್ರೆ ತಾಳೆಯಾಗುತ್ತಿರಲಿಲ್ಲ.

ನಾನು ಅಡ್ಡದಾರಿ ಹಿಡಿದೆ. ಡಿಎಚ್‌ಸಿಪಿಯ ಸೆಟ್ಟಿಂಗ್‌ನಲ್ಲಿ ಅಪ್‌ಡೇಟ್-ಕಾನ್‌ಫ್ಲಿಕ್ಟ್-ಡಿಟೆಕ್ಷನ್ ಎಂಬ ಸಾಲನ್ನು ‘ಫಾಲ್ಸ್’ ಮಾಡಿದೆ. ಹೀಗೆ ಮಾಡಿದರೆ ಸರ್ವರ್ ಯಾವ ತಪಾಸಣೆಯನ್ನೂ ನಡೆಸದೆ ಹಳೆಯ ದಾಖಲೆಯನ್ನು ಕಿತ್ತು ಹೊಸದನ್ನು ಕೂರಿಸುತ್ತದೆ ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಇದೆ. ಅದನ್ನು ಓದಿಯೂ, ನಮ್ಮ ಕಾಲೇಜಿನಲ್ಲಿ ಹೆಸರು ಕದಿಯುವವರು ಯಾರಿದ್ದಾರೆ ಎಂದುಕೊಂಡೆ. ತಕರಾರು ಅರ್ಜಿಗೆ ಅವಕಾಶವನ್ನೇ ಕೊಡದೆ ಖಾತೆ ಬದಲಾಯಿಸುವ ಕಚೇರಿಯೊಂದನ್ನು ನಾನೇ ತೆರೆದು ಕೂತಿದ್ದೆ.

ಕದ್ದವರು ಯಾರೂ ಇಲ್ಲ. ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ತಮ್ಮ ಲ್ಯಾಪ್‌ಟಾಪನ್ನು ಕೇಬಲ್‌ಗೆ ಸಿಕ್ಕಿಸಿದರು, ಅಷ್ಟೆ. ಯಾವತ್ತೋ ಯಾರೋ ಅದಕ್ಕೆ ‘ಸರ್ವರ್’ ಎಂದು ಹೆಸರಿಟ್ಟಿದ್ದರು. ವಿಳಾಸ ಕೇಳುವಾಗ ಯಂತ್ರ ತನ್ನ ಹೆಸರನ್ನೂ ಹೇಳುತ್ತದೆ. ವಿದ್ಯಾರ್ಥಿಗಳು ಪ್ರೋಗ್ರಾಮ್ ಸಲ್ಲಿಸಬೇಕಿದ್ದ ಕಂಪ್ಯೂಟರಿನ ಹೆಸರೂ ‘ಸರ್ವರ್’ ಎಂದೇ ಇತ್ತು. ನಾನು ಕೈಯಾರೆ ಬರೆದಿದ್ದ ಅದರ ದಾಖಲೆ ಅಳಿಸಿಹೋಗಿ, ಹೆಸರು ಪರೀಕ್ಷಕರ ಲ್ಯಾಪ್‌ಟಾಪಿನ ಪಾಲಾಯಿತು. ಹಳೆಯ ವಿಳಾಸ ಇನ್ನೂ ನೆನಪಿನಲ್ಲಿದ್ದ ಯಂತ್ರಗಳಲ್ಲಿ ಸಲ್ಲಿಕೆಯ ಪುಟ ತೆರೆಯುತ್ತಿತ್ತು, ಪಕ್ಕದ ಯಂತ್ರದಲ್ಲಿ ಇಲ್ಲ. ಕೇಬಲ್ ಹಾಳಾಗಿದೆಯೇನೋ ಎಂದು ಮೇಜಿನಡಿ ತೂರಿ ಹುಡುಕಿದೆ.

ತಪ್ಪು ಡಿಎನ್‌ಎಸ್‌ನದು ಎಂದು ಗೊತ್ತಾದ ಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. ಹಳೆಯ ಬ್ಯಾಕಪ್‌ನಿಂದ ಝೋನ್ ಫೈಲ್ ತಂದು ಕೂರಿಸಿ ಬೈಂಡ್‌ಗೆ ರೀಸ್ಟಾರ್ಟ್ ಕೊಟ್ಟೆ. ತಾನಾಗಿ ಬದಲಾಗುವ ಝೋನ್ ಇದ್ದಾಗ ಬೈಂಡ್ ಪ್ರತಿ ತಿದ್ದುಪಡಿಯನ್ನೂ ಮೊದಲು ಜರ್ನಲ್ ಎಂಬ ಪಕ್ಕದ ಫೈಲಿನಲ್ಲಿ ಬರೆಯುತ್ತದೆ, ಆಮೇಲೆ ಪುರಸೊತ್ತಿನಲ್ಲಿ ಮೂಲ ಫೈಲಿಗೆ ಸೇರಿಸುತ್ತದೆ. ನನ್ನ ಬ್ಯಾಕಪ್‌ನ ಸೀರಿಯಲ್ ಸಂಖ್ಯೆ ಹಳೆಯದು, ಜರ್ನಲ್‌ನದು ಎಷ್ಟೋ ಮುಂದಿನದು. ಎರಡೂ ತಾಳೆಯಾಗದೆ ಬೈಂಡ್ ಝೋನನ್ನೇ ತೆರೆಯಲಿಲ್ಲ. ‘ಅಲ್ಲಪ್ಪಾ, ಈಗ ತಾನೇ ಒಂದು ಲ್ಯಾಬು ಕೆಟ್ಟಿತ್ತು, ಇಡೀ ಕಾಲೇಜನ್ನೇ ಮಲಗಿಸಿದೆಯಲ್ಲ’ ಎಂದರು ಲ್ಯಾಬಿನ ಹಿರಿಯ ಬೋಧಕರು. ಕೊನೆಗೆ ಅವರೇ ಸೀಮೆಸುಣ್ಣ ತೆಗೆದುಕೊಂಡು ಸರ್ವರಿನ ಐಪಿ ವಿಳಾಸವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಪರೀಕ್ಷೆ ನಡೆದದ್ದು ಆ ಅಂಕಿಗಳಿಂದ.

ಗಾಬರಿಯಲ್ಲಿ ಜರ್ನಲ್ ಫೈಲನ್ನು ಅಳಿಸಿದೆ. ಝೋನ್ ತೆರೆಯಿತು, ಆದರೆ ಬ್ಯಾಕಪ್ ತೆಗೆದ ಮೇಲೆ ತಾನಾಗಿ ಸೇರಿದ್ದ ಹೆಸರುಗಳೆಲ್ಲ ಹೋಗಿದ್ದವು. ಲೀಸ್ ನವೀಕರಣವಾದಾಗ ಮತ್ತೆ ಬರುತ್ತವೆ ಎಂದು ಕಾದೆ. ಬರಲಿಲ್ಲ. ಹೆಸರಾಗಲೀ ವಿಳಾಸವಾಗಲೀ ಬದಲಾಗದಿದ್ದರೆ ನವೀಕರಣದ ವೇಳೆ ಐಎಸ್‌ಸಿ ಡಿಎಚ್‌ಸಿಪಿ ಡಿಎನ್‌ಎಸ್‌ಗೆ ಸುದ್ದಿ ಕಳಿಸುವುದೇ ಇಲ್ಲ. ಅದರ ಲೆಕ್ಕದಲ್ಲಿ ದಾಖಲೆ ಬರೆದಾಗಿದೆ. ಅಪ್‌ಡೇಟ್-ಆಪ್ಟಿಮೈಸೇಶನ್ ಎಂಬುದನ್ನು ತಾತ್ಕಾಲಿಕವಾಗಿ ಆಫ್ ಮಾಡಿದ ಮೇಲಷ್ಟೇ, ಒಂದೊಂದು ಯಂತ್ರ ನವೀಕರಣಕ್ಕೆ ಬಂದ ಹಾಗೆ ಹೆಸರುಗಳು ಮರಳಿದವು.

ಆಮೇಲೆ ವ್ಯವಸ್ಥೆಯನ್ನು ಎರಡಾಗಿ ಒಡೆದೆ. ಸರ್ವರ್, ಪ್ರಿಂಟರ್, ಲ್ಯಾಬಿನ ಯಂತ್ರ, ಹೀಗೆ ಕೂತಲ್ಲಿಂದ ಕದಲದವಕ್ಕೆಲ್ಲ ಮ್ಯಾಕ್ ವಿಳಾಸ ನೋಡಿ ಕಾಯಂ ಐಪಿ ಕೊಟ್ಟು, ಹೆಸರನ್ನು ಕೈಯಾರೆ ಒಂದು ಝೋನಿನಲ್ಲಿ ಬರೆದೆ. ಆ ಝೋನನ್ನು ಮುಟ್ಟಲು ಡಿಎಚ್‌ಸಿಪಿಯ ಕೀಲಿಗೆ ಅಧಿಕಾರವಿಲ್ಲ. ಬಂದು ಹೋಗುವ ಲ್ಯಾಪ್‌ಟಾಪ್‌ಗಳಿಗೆ ಬೇರೆ ಉಪ-ಝೋನ್, ಅಲ್ಲಿ ಮಾತ್ರ ತಾನಾಗಿ ಬರೆಯುವ ಹಕ್ಕು, ತಪಾಸಣೆಯೂ ಚಾಲೂ. ಯಾರಾದರೂ ತಮ್ಮ ಯಂತ್ರಕ್ಕೆ ‘ಸರ್ವರ್’ ಎಂದು ಹೆಸರಿಟ್ಟುಕೊಂಡು ಬಂದರೆ ಅವರ ಅಂಗಳದಲ್ಲೇ ಇರುತ್ತಾರೆ. ಉಪ-ಝೋನನ್ನು ಕೈಯಾರೆ ತಿದ್ದಲೇಬೇಕಾದರೆ ಮೊದಲು ಬೈಂಡ್‌ಗೆ ‘ಆರ್‌ಎನ್‌ಡಿಸಿ ಫ್ರೀಜ್’ ಎಂಬ ಆಜ್ಞೆ, ತಿದ್ದಿದ ಮೇಲೆ ‘ಆರ್‌ಎನ್‌ಡಿಸಿ ಥಾ’.

ಐಎಸ್‌ಸಿ ತನ್ನ ಹಳೆಯ ಡಿಎಚ್‌ಸಿಪಿಯ ನಿರ್ವಹಣೆಯನ್ನು 2022ರ ಕೊನೆಗೆ ನಿಲ್ಲಿಸಿದೆ, ಅದರ ಜಾಗದಲ್ಲಿ ಈಗ ಕಿಯಾ ಇದೆ. ಕಿಯಾದಲ್ಲೂ ಹೆಸರು ಯಾರದೆಂಬ ಈ ತಪಾಸಣೆ ಮೊದಲಿಂದಲೇ ಚಾಲೂ ಇರುತ್ತದೆ, ಅದನ್ನು ತೆಗೆಯುವ ಆಯ್ಕೆಯೂ ಇದೆ. ಲಾಗ್ ತುಂಬ ದೂರು ಬಂದ ದಿನ ಆ ಆಯ್ಕೆಗೆ ಕೈ ಹಾಕುವ ಮುನ್ನ, ಯಾವ ಎರಡು ಯಂತ್ರಗಳು ಒಂದೇ ಹೆಸರಿಗೆ ಕಿತ್ತಾಡುತ್ತಿವೆ ಎಂದು ದಯವಿಟ್ಟು ಹೋಗಿ ನೋಡಿ. ಜಗಳ ಬಗೆಹರಿಸಲು ಅರ್ಧ ಗಂಟೆ ಸಾಕಾಗಬಹುದು, ಅದನ್ನು ಮುಚ್ಚಿಟ್ಟರೆ ಪರೀಕ್ಷೆಯ ದಿನವೇ ಎದ್ದು ಬರುತ್ತದೆ.