ಒತ್ತಕ್ಷರ ಓದಿಸಿದ ಹುರುಳಿಚೀಲ

ಚಲಿಸುವ ಕಾರಿನಿಂದ ದಾರಿಯನ್ನು ಚಿತ್ರೀಕರಿಸುವುದು ಇಂದು ಸುಲಭ. ಹಾಗೆ ತೆಗೆದುದನ್ನು ನೋಡುವುದೇ ಕಷ್ಟ. ಮುಂಬಯಿಯಲ್ಲಿರುವ ನನ್ನ ಅಕ್ಕನಿಗೆ ಈಗ 84 ವರ್ಷ. ದೂರ ಪ್ರಯಾಣ ಇನ್ನು ಅವರಿಂದಾಗದು. ಕುಂಬಳೆಯಿಂದ ಸೀತಾಂಗೋಳಿ, ನೀರ್ಚಾಲುಗಳನ್ನು ದಾಟಿ ಬದಿಯಡ್ಕಕ್ಕೆ ಹೋಗುವ ದಾರಿಯನ್ನು ಮತ್ತೊಮ್ಮೆ ನೋಡಬೇಕೆಂಬುದು ಅವರ ಆಸೆ. ನನ್ನ ಮಗ ಮೊಬೈಲಿನಲ್ಲಿ ತೆಗೆದು ಕಳುಹಿಸಿದ ವಿಡಿಯೋವನ್ನು ಎರಡು ನಿಮಿಷ ನೋಡುವಷ್ಟರಲ್ಲಿ ಅವರಿಗೆ ತಲೆ ಸುತ್ತಿತು. "ತಮ್ಮಾ, ಊರು ಕಾಣುವುದಿಲ್ಲ, ಕುಣಿತ ಮಾತ್ರ ಕಾಣುತ್ತದೆ" ಎಂದರು.

ನನಗೂ ಒಂದು ಸ್ವಂತ ಕಾರಣವಿತ್ತು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಆರು ಪಥಗಳಾಗಿ ಅಗಲವಾದಾಗ ಹಳೆಯ ರಸ್ತೆಯಂಚಿನ ಮರ, ಅಂಗಡಿ, ನಾಮಫಲಕಗಳು ನೆನಪಿಗೆ ಸರಿದವು. ಒಳದಾರಿಗಳಾದರೂ ಬದಲಾಗುವ ಮೊದಲು ದಾಖಲಾಗಬೇಕು. ಅಲ್ಲಿರುವ ಕನ್ನಡ ಫಲಕಗಳು ಮುಂದಿನವರಿಗೆ ಓದಲು ಸಿಗಬೇಕು.

ಅದುರುವಿಕೆಯಲ್ಲಿ ಎರಡು ಬಗೆ. ಹೊಂಡ, ಉಬ್ಬುಗಳಿಂದ ಬರುವುದು ನಿಧಾನದ ಓಲಾಟ. ಎಂಜಿನ್ನಿನಿಂದಲೂ ಒರಟು ಡಾಮರಿನಿಂದಲೂ ಬರುವುದು ಸೂಕ್ಷ್ಮವಾದ, ವೇಗದ ಕಂಪನ. ಮೊಬೈಲಿನ ಕ್ಯಾಮೆರಾ ಸಾಮಾನ್ಯವಾಗಿ ಒಂದು ಚಿತ್ರವನ್ನು ಒಮ್ಮೆಗೇ ಗ್ರಹಿಸದೆ ಸಾಲುಸಾಲಾಗಿ ಗ್ರಹಿಸುತ್ತದೆ. ನಡುವೆ ಕ್ಯಾಮೆರಾ ಕಂಪಿಸಿದರೆ ನೆಟ್ಟಗಿನ ವಿದ್ಯುತ್ ಕಂಬವೂ ಬಳುಕುತ್ತದೆ. ಓಲಾಟವನ್ನು ಆಮೇಲೆ ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ತಿದ್ದಬಹುದು. ಈ ಬಳುಕನ್ನು ತಿದ್ದುವುದು ಕಷ್ಟ. ಆದ್ದರಿಂದ ಕಂಪನವನ್ನು ಕ್ಯಾಮೆರಾಕ್ಕೆ ತಲುಪುವ ಮೊದಲೇ ತಡೆಯಬೇಕು.

ಗಾಜಿಗೆ ಅಂಟಿಸುವ, ಉದ್ದ ತೋಳಿನ ಹಿಡಿಕೆ ನಮ್ಮಲ್ಲಿತ್ತು. ತೋಳು ಉದ್ದವಾದಷ್ಟೂ ತುದಿಯ ಅಲುಗಾಟ ಹೆಚ್ಚು. ಅದಕ್ಕೆ ಬದಲಾಗಿ ದಪ್ಪ ಬಟ್ಟೆಯ ಚೀಲ ಹೊಲಿಸಿ, ಎರಡು ಕಿಲೋ ಒಣ ಹುರುಳಿ ತುಂಬಿದೆ. ಮೇಲೆ ಹಲಸಿನ ಹಲಗೆ. ಹಲಗೆಗೂ ಮೊಬೈಲಿನ ಹಿಡಿಕೆಗೂ ನಡುವೆ ಹಳೆಯ ಸೈಕಲ್ ಟ್ಯೂಬಿನ ಎರಡು ಪದರ. ಭಾರವಾದ ವಸ್ತು ಬೇಗನೆ ಅಲುಗದು. ಕಾಳುಗಳು ಒಂದಕ್ಕೊಂದು ಉಜ್ಜಿಕೊಂಡು ಕಂಪನವನ್ನು ಕುಗ್ಗಿಸುತ್ತವೆ. ಚೀಲ ಡ್ಯಾಶ್‌ಬೋರ್ಡಿನ ಆಕಾರಕ್ಕೆ ತಾನೇ ಒಗ್ಗಿಕೊಳ್ಳುತ್ತದೆ. ಬ್ರೇಕ್ ಹಾಕಿದಾಗ ಜಾರದಂತೆ ಅದನ್ನು ಗಾಜಿನ ಬುಡಕ್ಕೆ ಒತ್ತಿ ಇಟ್ಟು, ಕೆಳಗೆ ರಬ್ಬರ್ ಹಾಸಿದೆವು. ಏರ್‌ಬ್ಯಾಗಿನ ಮುಚ್ಚಳದ ಮೇಲೆ ಇಂಥದನ್ನು ಇಡಲೇಬಾರದು. ಚಾಲಕನ ನೋಟಕ್ಕೂ ಅಡ್ಡವಾಗಬಾರದು.

ಪರೀಕ್ಷೆಯನ್ನು ಶಾಲೆಯ ವಿಜ್ಞಾನ ಪಾಠದ ಕ್ರಮದಲ್ಲೇ ಮಾಡಿದೆವು. ಅದೇ ದಾರಿ, ಬೆಳಗಿನ ಅದೇ ಹೊತ್ತು, ಗಂಟೆಗೆ 30 ಕಿಲೋಮೀಟರ್ ವೇಗ. ಬದಲಾದುದು ಕ್ಯಾಮೆರಾದ ಆಸರೆ ಮಾತ್ರ. ಮಗ ಕಾರು ನಡೆಸಿದ. ನಾನು ಪುಸ್ತಕದಲ್ಲಿ ಬರೆದುಕೊಂಡೆ. ಮನೆಗೆ ಬಂದು ಹತ್ತು ಫಲಕಗಳ ಬಳಿ ಚಿತ್ರವನ್ನು ನಿಲ್ಲಿಸಿ, ಒತ್ತಕ್ಷರ ಓದಲು ಬರುತ್ತದೆಯೇ ಎಂದು ನೋಡಿದೆವು. ಚಿತ್ರ ಅದುರಿದಾಗ ಕನ್ನಡದಲ್ಲಿ ಮೊದಲು ಅಳಿಸಿಹೋಗುವುದು ಕೆಳಗಿನ ಸಣ್ಣ ಒತ್ತುಗಳೇ. ಉದ್ದ ತೋಳಿನ ಹಿಡಿಕೆಯಲ್ಲಿ ಓದಲು ಬಂದದ್ದು ಮೂರು. ಚೀಲವಿಲ್ಲದೆ ಬರಿಯ ಹಲಗೆಯಲ್ಲಿ ಐದು. ಹುರುಳಿಚೀಲದ ಮೇಲೆ ಎಂಟು. ಉಳಿದೆರಡು ಫಲಕಗಳು ದೊಡ್ಡ ಹೊಂಡಗಳ ಎದುರಿಗಿದ್ದವು. ಅದಕ್ಕೆ ಯಾವ ಚೀಲವೂ ಮದ್ದಲ್ಲ. ಗಾಜಿನಲ್ಲಿ ಹಲಗೆಯ ಬಿಂಬ ಕಾಣದಂತೆ ಅದಕ್ಕೆ ಕಪ್ಪು ಬಟ್ಟೆ ಹೊದಿಸಿದ್ದೂ ಫಲ ಕೊಟ್ಟಿತು.

ಒಂದು ಒತ್ತಕ್ಷರಕ್ಕೆ ಇಷ್ಟು ಶ್ರಮವೇಕೆ ಎಂದು ಮಗ ಕೇಳಿದ. 'ಬದಿಯಡ್ಕ'ದ ಕೆಳಗಿನ ಕಕಾರ ಹೋದರೆ ಉಳಿಯುವುದು 'ಬದಿಯಡ'. ಅಡ್ಕವೆಂದರೆ ಬಯಲು ನೆಲ. ಆ ಒತ್ತು ಅಳಿದರೆ ಊರಿನ ನೆಲದ ಗುಣವನ್ನು ಹೇಳುವ ಮಾತೇ ಹೆಸರಿನಿಂದ ಹೋದಂತೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮಗೆ ಇಲ್ಲಿ ಭಾಷೆ ಉಳಿದಿರುವುದು ಮನೆ, ಶಾಲೆ, ಯಕ್ಷಗಾನಗಳಲ್ಲಿ. ಜೊತೆಗೆ ಇಂಥ ಹೆಸರುಗಳಲ್ಲಿ.

ಮೂರನೆಯ ಚಿತ್ರವನ್ನು ಅಕ್ಕ ಪೂರ್ತಿ ನೋಡಿದರು. ಫಲಕಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಪೆರಡಾಲದ ಬಳಿ ನಿಲ್ಲಿಸಲು ಹೇಳಿ, ಕಯ್ಯಾರ ಕಿಞ್ಞಣ್ಣ ರೈಗಳ ಮನೆ 'ಕವಿತಾ ಕುಟೀರ'ಕ್ಕೆ ಹೋಗುವ ದಾರಿ ಇದೇ ಅಲ್ಲವೇ ಎಂದು ಕೇಳಿದರು.

ಮಂಜೇಶ್ವರ, ಪೈವಳಿಕೆ, ಮುಳ್ಳೇರಿಯ ಕಡೆಯ ಬಂಧುಗಳು ತಮ್ಮ ತಮ್ಮ ದಾರಿಗಳನ್ನು ಹೀಗೆ ದಾಖಲಿಸಿದರೆ ಸಂಘದಲ್ಲಿ ಒಂದು ಸಂಗ್ರಹವಾದೀತು. ಖರ್ಚು ಹೆಚ್ಚಿಲ್ಲ. ಹುರುಳಿಯನ್ನು ಮಾತ್ರ ಆಗಾಗ ಬಿಸಿಲಿಗೆ ಹಾಕಬೇಕು. ನಮ್ಮ ಮಳೆಗಾಲದಲ್ಲಿ ಬೇಗ ಹುಳು ಹಿಡಿಯುತ್ತದೆ.